ಹದಿನಾರರ ಬಸಿರು: ಶಾಲೆ ಬಿಡಿಸುವ ಮುನ್ನ

ಬೇಸಿಗೆ ಬಂತೆಂದರೆ ನಮ್ಮ ವಿಜಯಪುರದ ಕಡೆ ವೈದ್ಯರ ಬಳಿಗೆ ಎರಡು ಬಗೆಯ ಜನ ಹೆಚ್ಚಾಗಿ ಬರುತ್ತಾರೆ. ವಾಂತಿಭೇದಿಯಾದವರು ಒಂದು ಬಗೆ. ವಯಸ್ಸಿನ ಸರ್ಟಿಫಿಕೇಟು ಕೇಳುವವರು ಇನ್ನೊಂದು ಬಗೆ.

ಕಳೆದ ಬೇಸಿಗೆಯಲ್ಲಿ ಬಿಜ್ಜರಗಿ ಕಡೆಯಿಂದ ತಂದೆಯೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. “ಸಾಹೇಬ್ರ, ಅಕಿಗೆ ಹದಿನೆಂಟು ತುಂಬ್ಯಾವರಿ. ಸಾಲ್ಯಾಗ ಹೆಸರ ಹಚ್ಚುವಾಗ ತಪ್ಪ ಬರಸೇವಿ. ಒಂದ ಚೀಟಿ ಬರದ ಕೊಟ್ಟಬಿಡ್ರಿ” ಎಂದರು. ಹುಡುಗಿ ಎರಡು ಜಡೆ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಳು. ಯಾವ ತರಗತಿ ಎಂದು ಕೇಳಿದೆ. ಒಂಬತ್ತನೆಯ ಪರೀಕ್ಷೆ ಬರೆದಿದ್ದಾಳೆ. ಆರು ವರ್ಷಕ್ಕೆ ಒಂದನೆಯ ತರಗತಿಗೆ ಸೇರಿದ ಮಗುವಿಗೆ ಆಗ ಎಷ್ಟು ವಯಸ್ಸು ಎಂಬ ಲೆಕ್ಕಕ್ಕೆ ಎಕ್ಸ್‌ರೇ ಬೇಕಾಗುವುದಿಲ್ಲ.

ಸಂಗತಿ ಇಷ್ಟೇ. ಅಕ್ಕನ ಮದುವೆ ಗೊತ್ತಾಗಿದೆ. ಅದೇ ಹಂದರದಲ್ಲಿ ತಂಗಿಯದನ್ನೂ ಮುಗಿಸಿದರೆ ಒಂದು ಖರ್ಚು ಉಳಿಯುತ್ತದೆ. ವರ ಸ್ವಂತ ಸೋದರತ್ತೆಯ ಮಗ, ಆಸ್ತಿ ಹೊರಗೆ ಹೋಗುವುದಿಲ್ಲ. ಮೇಲಾಗಿ ಮನೆಯಲ್ಲಿ ಅಜ್ಜಿಗೆ ಆರಾಮಿಲ್ಲ, ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳಿಗೆ ಅಕ್ಕಿಕಾಳು ಹಾಕಬೇಕೆಂದು ಆಕೆಯ ಹಟ. ನಾನು ಚೀಟಿ ಬರೆದುಕೊಡಲಿಲ್ಲ. ಅಜ್ಜಿಯನ್ನೇ ಕರೆತನ್ನಿ, ನೋಡೋಣ ಎಂದೆ. ಅವರು ನಿಜವಾಗಿಯೂ ಕರೆತಂದರು. ಆ ಮಾತಿಗೆ ಆಮೇಲೆ ಬರುತ್ತೇನೆ.

ಬಿಜ್ಜರಗಿಯೆಂದರೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಊರು. 2023ರ ಜನವರಿ 2ರಂದು ಅವರು ದೇಹ ಬಿಡುವವರೆಗೂ ಅವರ ಪ್ರವಚನವೆಂದರೆ ಸಾವಿರಾರು ಜನ ಸದ್ದಿಲ್ಲದೆ ಕೂತು ಕೇಳುತ್ತಿದ್ದರು. ಒಳ್ಳೆಯ ಮಾತು ಹೇಳಿದರೆ ಕೇಳದ ಜನ ನಮ್ಮವರಲ್ಲ. ಆದರೆ ಈ ವಿಷಯದಲ್ಲಿ ಬರೀ ಮಾತು ಸಾಲದು ಎಂಬುದನ್ನೇ ಇವತ್ತು ಹೇಳಬೇಕಾಗಿದೆ.

ಹದಿಹರೆಯದ ಬಸಿರು ಎಂದ ಕೂಡಲೇ ಪಟ್ಟಣದ ಓದುಗರು ಕಾಲೇಜು, ಮೊಬೈಲು, ಪ್ರೇಮಪ್ರಕರಣ ಎಂದು ಯೋಚಿಸುತ್ತಾರೆ. ಅಂಥವೂ ಇವೆ. ಆದರೆ ತಿಕೋಟಾ, ಬಬಲೇಶ್ವರ ಭಾಗದಲ್ಲಿ ನಾವು ಕಾಣುವ ಹದಿನಾರು, ಹದಿನೇಳರ ಬಸುರಿಯರಲ್ಲಿ ಹೆಚ್ಚಿನವರ ಕೊರಳಲ್ಲಿ ತಾಳಿ ಇರುತ್ತದೆ. ಊರೆಲ್ಲ ಉಂಡು ಹರಸಿದ ಮದುವೆಯ ಬಸಿರು ಅದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳನ್ನು ವಿಚಾರಿಸಿದಾಗ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಮ್ಮ ಜಿಲ್ಲೆಯ ಪ್ರಮಾಣ ರಾಜ್ಯದ ಈ ಸರಾಸರಿಗಿಂತ ಹೆಚ್ಚು. ಮದುವೆಯಾದ ಮೇಲೆ ಒಂದು ವರ್ಷದೊಳಗೆ ‘ವಿಶೇಷ ಏನೂ ಇಲ್ಲೇನು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆದ್ದರಿಂದ ನಮ್ಮಲ್ಲಿ ಎಳೆಯ ಬಸಿರನ್ನು ತಡೆಯುವುದೆಂದರೆ ಮೊದಲು ಎಳೆಯ ಮದುವೆಯನ್ನು ತಡೆಯುವುದು.

ದೇಹ ಏಕೆ ಸಿದ್ಧವಿರುವುದಿಲ್ಲ?

ಹುಡುಗಿ ಮುಟ್ಟಾದಳು, ‘ದೊಡ್ಡಾಕಿ ಆದಳು’ ಎಂದರೆ ಬೆಳವಣಿಗೆ ಮುಗಿಯಿತೆಂದು ಅರ್ಥವಲ್ಲ. ಮುಟ್ಟು ಆರಂಭವಾದ ಮೇಲೂ ಆಕೆ ಎರಡು ವರ್ಷಕ್ಕೂ ಮಿಕ್ಕಿ ಎತ್ತರ ಬೆಳೆಯುತ್ತಾಳೆ. ಸೊಂಟದ ಎಲುಬಿನ ಗೂಡು ಅಗಲವಾಗುವುದು ಅದಕ್ಕೂ ನಿಧಾನ. ಗೂಡು ಕಿರಿದಾಗಿದ್ದಾಗ ಕೂಸಿನ ತಲೆ ಹೆರಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ರಕ್ತದ ಲೆಕ್ಕ. ಒಂದು ಬಸಿರಿಗೆ ತಾಯಿಯ ಮೈಯಿಂದ ಸುಮಾರು 1000 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು. ಬೆಳೆಯುತ್ತಿರುವ ಹುಡುಗಿಗೆ ತನ್ನ ಮೈಗೇ ಕಬ್ಬಿಣ ಸಾಲುತ್ತಿರುವುದಿಲ್ಲ, ತಿಂಗಳ ಸ್ರಾವದಲ್ಲಿ ಇನ್ನಷ್ಟು ಹೋಗುತ್ತಿರುತ್ತದೆ. ಇರುವುದನ್ನು ತಾಯಿ, ಕೂಸು ಇಬ್ಬರೂ ಹಂಚಿಕೊಂಡಾಗ ಇಬ್ಬರಿಗೂ ಕೊರತೆ. ಹಿಮೋಗ್ಲೋಬಿನ್ 7ಕ್ಕೆ ಇಳಿದ ಹುಡುಗಿ ಹೆರಿಗೆಯಲ್ಲಿ ಹೋಗುವ ಸಾಮಾನ್ಯ ಪ್ರಮಾಣದ ರಕ್ತವನ್ನೂ ತಾಳಿಕೊಳ್ಳಲಾರಳು. ಗರ್ಭಿಣಿಯ ನಂಜು, ಅಂದರೆ ರಕ್ತದೊತ್ತಡ ಏರಿ ಕೊನೆಗೆ ಸೆಳೆತ ಬರುವ ಕಾಯಿಲೆ, 20–24ರ ತಾಯಂದಿರಿಗಿಂತ ಹದಿಹರೆಯದವರಲ್ಲಿ ಹೆಚ್ಚು. ಬಾಣಂತಿಯ ಸೋಂಕೂ ಹೆಚ್ಚು. ಕೂಸು ದಿನ ತುಂಬುವ ಮೊದಲೇ ಹುಟ್ಟುವುದು, ಎರಡೂವರೆ ಕಿಲೋಗಿಂತ ಕಡಿಮೆ ತೂಗುವುದು ಇದರ ಜೊತೆಗೇ ಬರುತ್ತವೆ. ಜಗತ್ತಿನಾದ್ಯಂತ 15ರಿಂದ 19 ವರ್ಷದ ಹುಡುಗಿಯರ ಸಾವಿನ ಮುಖ್ಯ ಕಾರಣಗಳಲ್ಲಿ ಬಸಿರು ಮತ್ತು ಹೆರಿಗೆಯ ತೊಡಕುಗಳು ಒಂದು.

“ನಮ್ಮವ್ವ, ನಮ್ಮ ಅಜ್ಜಿ ಎಲ್ಲಾರೂ ಹದಿಮೂರು ಹದಿನಾಕಕ್ಕ ಹಡದಾರಲ್ರಿ, ಅವರಿಗೇನಾಗೇತಿ?” ಈ ಮಾತನ್ನು ನಾನು ನೂರು ಸಲ ಕೇಳಿದ್ದೇನೆ. ಆ ತಂದೆಯೂ ಇದನ್ನೇ ಹೇಳಿದರು. ಅಜ್ಜಿ ಬಂದಾಗ ರಕ್ತದೊತ್ತಡ ನೋಡಿ, ಗುಳಿಗೆ ಬರೆದು, “ಯವ್ವಾ, ಎಷ್ಟ ಹಡದಿ?” ಎಂದು ಕೇಳಿದೆ. “ಒಂಬತ್ತು.” “ಎಷ್ಟು ಉಳದಾವ?” ಆಕೆ ಬೆರಳು ಮಡಿಚಿ ಎಣಿಸಿ “ನಾಕು” ಎಂದಳು. ಮೊದಲನೆಯದು ಹುಟ್ಟಿದಾಗ ತನಗೆ ಮೂಗುಬೊಟ್ಟು ಚುಚ್ಚಿಸಿ ಇನ್ನೂ ಮಾಯ್ದಿರಲಿಲ್ಲ ಎಂದಳು. ಅದು ಉಳಿಯಲಿಲ್ಲ. ಎರಡನೆಯದೂ ಉಳಿಯಲಿಲ್ಲ. ಮಗನಿಗೆ ತನಗಿಂತ ಮೊದಲು ಇಬ್ಬರು ಹುಟ್ಟಿದ್ದರೆಂಬುದೇ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿಯೂ ಹಿರಿಯರನ್ನು ಹೀಗೆ ಒಮ್ಮೆ ಕೇಳಿ ನೋಡಿ.

ಕಾರ್ಡಿನಲ್ಲಿ ಹತ್ತೊಂಬತ್ತು

ಇನ್ನೊಂದು ಹುಡುಗಿಯ ಸಂಗತಿ. ಊರು ಬೇಡ. ಎಂಟು ತಿಂಗಳಾಗಿತ್ತು, ಕಾಲು ಬಾತಿದ್ದವು, ಎರಡು ದಿನದಿಂದ ತಲೆನೋವು. ತಾಯಿ ಕಾರ್ಡಿನಲ್ಲಿ ವಯಸ್ಸು 19 ಎಂದಿತ್ತು. ಇಂಥ ಕಡೆ ನಾನು ವಯಸ್ಸು ಕೇಳುವುದಿಲ್ಲ, ‘ಎಸ್ಸೆಸ್ಸೆಲ್ಸಿ ಯಾವಾಗ ಬರೆದೆ’ ಎಂದು ಕೇಳುತ್ತೇನೆ. ಬರೆದೇ ಇರಲಿಲ್ಲ. ಹಿಂದಿನ ವರ್ಷ ದೀಪಾವಳಿ ಸೂಟಿಯಾದ ಮೇಲೆ ಒಂಬತ್ತನೆಯ ತರಗತಿಗೆ ಹೋಗಲಿಲ್ಲ ಎಂದಳು. ಅಂದರೆ ಹದಿನಾರೂ ತುಂಬಿರಲಿಕ್ಕಿಲ್ಲ. ರಕ್ತದೊತ್ತಡ 160/110. ಕೂಡಲೇ ಔಷಧಿ ಕೊಟ್ಟು ವಿಜಯಪುರದ ದೊಡ್ಡಾಸ್ಪತ್ರೆಗೆ ಕಳಿಸಿದೆ. ಕಾನೂನಿನಂತೆ ತಿಳಿಸಬೇಕಾದವರಿಗೂ ತಿಳಿಸಿದೆ. ಕೂಸು 1 ಕಿಲೋ 900 ಗ್ರಾಂ ಇತ್ತು. ತಾಯಿ, ಕೂಸು ಇಬ್ಬರೂ ಉಳಿದರು. ಆ ತಲೆನೋವಿಗೆ ಅಂಗಡಿಯ ಗುಳಿಗೆ ನುಂಗಿ ಇನ್ನೆರಡು ದಿನ ಮನೆಯಲ್ಲೇ ಇದ್ದಿದ್ದರೆ ಈ ಮಾತನ್ನು ಬರೆಯಲಾಗುತ್ತಿರಲಿಲ್ಲ.

ಕೇಸಿನ ಭಯದಿಂದ ವಯಸ್ಸು ಹೆಚ್ಚಿಗೆ ಬರೆಸುವವರಿಗೆ ಒಂದು ಮಾತು. ಹತ್ತೊಂಬತ್ತು ಎಂದು ಕಂಡರೆ ಆಶಾ ಕಾರ್ಯಕರ್ತೆಯೂ ನರ್ಸಮ್ಮನೂ ಆಕೆಯನ್ನು ಸಾಮಾನ್ಯ ಬಸುರಿಯೆಂದೇ ಎಣಿಸುತ್ತಾರೆ. ಹದಿನಾರೆಂದು ಗೊತ್ತಾದರೆ ಅಪಾಯದ ಬಸಿರೆಂದು ಬೇರೆಯಾಗಿ ಗುರುತು ಹಾಕಿ, ಮತ್ತೆ ಮತ್ತೆ ಒತ್ತಡ, ಮೂತ್ರ, ರಕ್ತ ನೋಡುತ್ತಾರೆ. ಸುಳ್ಳು ವಯಸ್ಸಿನ ಬೆಲೆ ತೆರುವವಳು ಹುಡುಗಿ.

ಪಾಠ ಬೇಕು, ಪಾಠವೊಂದೇ ಸಾಲದು

ಶಾಲೆಯಲ್ಲಿ ಈ ವಿಷಯ ಕಲಿಸಬೇಕೇ ಬೇಡವೇ ಎಂಬ ಜಗಳ ನಮ್ಮಲ್ಲಿ ಹಳೆಯದು. ಕೇಂದ್ರ ಸರ್ಕಾರದ ಹದಿಹರೆಯ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ವಿರೋಧ ಎದ್ದು ಅದು ನಿಂತಿತು. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಗರ್ಭನಿರೋಧದ ಮಾತೂ ಅದರಲ್ಲಿದೆ. ಆದರೆ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುವುವ ಮೇಷ್ಟ್ರುಗಳು ಇವತ್ತಿಗೂ ಇದ್ದಾರೆ. ಅವರನ್ನಷ್ಟೇ ದೂರುವಂತಿಲ್ಲ, ವಿವರಿಸಿದರೆ ಮರುದಿನ ಪಾಲಕರೇ ಜಗಳಕ್ಕೆ ಬರುತ್ತಾರೆ. ನನ್ನ ದೊಡ್ಡ ಚಿಂತೆ ಬೇರೆಯದು. ಆ ಪಾಠ ಯಾರಿಗೆ ಅತ್ಯಗತ್ಯವೋ ಆ ಹುಡುಗಿ ಎಷ್ಟೋ ಸಲ ಹತ್ತನೆಯ ತರಗತಿ ಮುಟ್ಟುವುದೇ ಇಲ್ಲ. ಆದ್ದರಿಂದ ಏಳು, ಎಂಟನೆಯ ತರಗತಿಯಲ್ಲೇ ಮುಟ್ಟು, ಬಸಿರು, ‘ಬೇಡ’ ಎನ್ನುವ ಹಕ್ಕು, ಮದುವೆಯ ವಯಸ್ಸು ಇವನ್ನೆಲ್ಲ ತಿಳಿಸಬೇಕು. ಹುಡುಗರನ್ನು ಹೊರಗೆ ಕಳಿಸಿ ಹುಡುಗಿಯರಿಗಷ್ಟೇ ಹೇಳುವುದೂ ಅರ್ಧ ಕೆಲಸವೇ. ನಾಳೆ ಗಂಡನಾಗುವವನು ಅವನು, ಕಾನೂನಿನಂತೆ ಅವನಿಗೆ 21 ತುಂಬಿರಬೇಕು.

2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮುಟ್ಟಿನ ತೊಂದರೆ, ಬಿಳಿಸೆರಗು, ಮನಸ್ಸಿನ ದುಗುಡ ಯಾವುದನ್ನಾದರೂ ಅಲ್ಲಿ ಗುಟ್ಟಾಗಿ ಕೇಳಬಹುದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಗುಳಿಗೆ ಕಬ್ಬಿಣದ್ದು. ‘ಹೊಟ್ಟೆ ತೊಳಸುತ್ತದೆ’ ಎಂದು ಮಕ್ಕಳು ಅದನ್ನು ಕಿಟಕಿಯಿಂದ ಎಸೆಯುತ್ತಾರೆ. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ಗುಳಿಗೆಯ ಹಿಂದೆಯೇ ಚಹಾ ಕುಡಿಯಬಾರದು, ಅರ್ಧ ಲಿಂಬೆಹಣ್ಣು ಹಿಂಡಿದ ನೀರು ಒಳ್ಳೆಯದು.

ಹೀಗೆ ತಿಳಿವಳಿಕೆ ಕೊಟ್ಟರೆ ಎಷ್ಟು ಫಲ? ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಪರೀಕ್ಷೆ ನಡೆದದ್ದು ಬಹಳ ಜನಕ್ಕೆ ಗೊತ್ತಿಲ್ಲ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಎಂಬ ಸಂಸ್ಥೆಯು ಲಂಡನ್ನಿನ ಸಂಶೋಧಕರ ಜೊತೆಗೂಡಿ 2014ರಿಂದ 2017ರವರೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ ‘ಸಮತಾ’ ಎಂಬ ಕಾರ್ಯಕ್ರಮದ ಫಲವನ್ನು ಅಳೆಯಿತು. ಪರಿಶಿಷ್ಟ ಜಾತಿ, ಪಂಗಡಗಳ 13–14 ವರ್ಷದ ಹುಡುಗಿಯರನ್ನು ಮೂರು ವರ್ಷ ಗಮನಿಸಿದರು. ಅರ್ಧದಷ್ಟು ಹಳ್ಳಿಗಳಲ್ಲಿ ಹುಡುಗಿಯರ ಗುಂಪು ಕಟ್ಟಿದರು, ಹುಡುಗರ ಜೊತೆ ಮಾತಾಡಿದರು, ಮನೆಮನೆಗೆ ಹೋಗಿ ಪಾಲಕರನ್ನು ಕಂಡರು, ಶಿಕ್ಷಕರನ್ನೂ ಶಾಲಾ ಸಮಿತಿಯವರನ್ನೂ ಸೇರಿಸಿಕೊಂಡರು. ಉಳಿದರ್ಧ ಹಳ್ಳಿಗಳಲ್ಲಿ ಇದೇನೂ ಇರಲಿಲ್ಲ. ಕೊನೆಗೆ ಹೋಲಿಸಿದಾಗ ಶಾಲೆ ಮುಗಿಸುವುದರಲ್ಲಾಗಲಿ ಮದುವೆಯಲ್ಲಾಗಲಿ ಎರಡರ ನಡುವೆ ಒಟ್ಟಾರೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಇದನ್ನು ಸೋಲು ಎನ್ನಬೇಕೇ? ನಾನು ಹಾಗೆ ಓದುವುದಿಲ್ಲ. ಶಾಲೆ ಬಿಡುವುದೂ ಎಳೆಯ ಮದುವೆಯೂ ಮೊದಲು ಅಂದಾಜು ಮಾಡಿದ್ದಕ್ಕಿಂತ ಎರಡೂ ಕಡೆ ಕಡಿಮೆಯೇ ಇದ್ದವು. ಅಂದರೆ ಕಾಲ ತಾನೇ ಬದಲಾಗುತ್ತಿತ್ತು. ಬದಲಾಗದೆ ಉಳಿದ ಮನೆಗಳದು ತಿಳಿವಳಿಕೆಯ ಕೊರತೆಯಲ್ಲ ಎಂದು ನನಗೆ ತೋರುತ್ತದೆ. ನನ್ನ ಬಳಿ ಚೀಟಿ ಕೇಳಿ ಬಂದ ತಂದೆಗೆ 18ರ ನಿಯಮ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದುದಕ್ಕೇ ಚೀಟಿ ಕೇಳಿದರು. ಅವರಿಗಿದ್ದದ್ದು ಖರ್ಚಿನ ಲೆಕ್ಕ, ಹೆಸರು ಕೆಟ್ಟೀತೆಂಬ ಅಂಜಿಕೆ.

ಬಾಂಗ್ಲಾದೇಶದಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಪುಷ್ಟಿ ಕೊಡುತ್ತದೆ. ಮಗಳಿಗೆ 18 ತುಂಬುವವರೆಗೆ ಮದುವೆ ಮಾಡದ ಮನೆಗಳಿಗೆ ನಾಲ್ಕು ತಿಂಗಳಿಗೊಮ್ಮೆ ಅಡುಗೆ ಎಣ್ಣೆ ಕೊಟ್ಟರು. ಬೇರೇನಿಲ್ಲ, ಎಣ್ಣೆ. ಅಲ್ಲಿ ಬಾಲ್ಯವಿವಾಹ ಸುಮಾರು ಐದನೆಯ ಒಂದು ಭಾಗ ಇಳಿಯಿತು. ಬರೀ ಬುದ್ಧಿಮಾತಿನ ತರಗತಿ ನಡೆಸಿದ ಊರುಗಳಲ್ಲಿ ಮದುವೆ ಹಾಗೆ ಇಳಿಯಲಿಲ್ಲ. ಕೀನ್ಯಾದಲ್ಲಿ ಶಾಲೆಯ ಸಮವಸ್ತ್ರವನ್ನು ಪುಕ್ಕಟೆ ಕೊಟ್ಟಾಗ ಶಾಲೆ ಬಿಡುವ ಹುಡುಗಿಯರೂ ಕಡಿಮೆಯಾದರು, ಹದಿಹರೆಯದಲ್ಲಿ ಬಸುರಾಗುವವರೂ ಕಡಿಮೆಯಾದರು. ಮಗಳು ಶಾಲೆಯಲ್ಲಿದ್ದಾಳೆ ಎಂಬುದೇ ಬಸಿರನ್ನು ಮುಂದಕ್ಕೆ ಹಾಕುವ ಮೊದಲ ಔಷಧಿ.

ನಮ್ಮಲ್ಲೂ ಅಂಥ ಆಸರೆಗಳಿವೆ. 2006ರ ಮಾರ್ಚ್ 31ರ ನಂತರ ಬಡ ಕುಟುಂಬಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಂದು ಬಂದ ಭಾಗ್ಯಲಕ್ಷ್ಮಿ ಬಾಂಡಿನ ಹಣ 18ರೊಳಗೆ ಮದುವೆ ಮಾಡಿದರೆ ಕೈಗೆ ಬರುವುದಿಲ್ಲ. ಬಾಂಡು ಟ್ರಂಕಿನಲ್ಲಿಟ್ಟು ಮರೆತವರಿಗೆ ಇದು ನೆನಪಿರಲಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ಟಿನ ಹಣವಿಲ್ಲ. ಹತ್ತು ಮುಗಿಸಿ ಪಿಯುಸಿಗೆ ಬೇರೆ ಊರಿಗೆ ಹೋಗಬೇಕಾದವರಿಗೆ ಇದು ದೊಡ್ಡ ಅನುಕೂಲ. ಆದರೆ ಕಾಲೇಜು ಬಿಡುವ ಹೊತ್ತಿಗೆ ಬಸ್ಸು ಇರಬೇಕಲ್ಲ? ಸಂಜೆ ಬಸ್ಸು ತಪ್ಪಿ ಹುಡುಗಿ ಕತ್ತಲಲ್ಲಿ ಮನೆಗೆ ಬಂದ ದಿನವೇ ಎಷ್ಟೋ ಮನೆಗಳಲ್ಲಿ ‘ಸಾಲಿ ಸಾಕು’ ಎಂದು ತೀರ್ಮಾನವಾಗುತ್ತದೆ. ದಾರಿಯಲ್ಲಿ ಕಟ್ಟೆ ಮೇಲೆ ಕೂತು ಚುಡಾಯಿಸುವ ನಾಲ್ಕು ಹುಡುಗರಿಂದಾಗಿ ನಲವತ್ತು ಹುಡುಗಿಯರ ಓದು ನಿಂತದ್ದುಂಟು. ಶಿಕ್ಷೆ ಯಾರಿಗೆ ನೋಡಿ! ಪಂಚಾಯಿತಿಯವರು ಒಂದು ಬಸ್ಸಿನ ವೇಳೆ ಬದಲಾಯಿಸಲು ಅರ್ಜಿ ಕೊಡುವುದು, ಆ ಕಟ್ಟೆಯ ಹುಡುಗರ ತಂದೆಯರನ್ನು ಕರೆದು ಹೇಳುವುದು, ಇವು ನನ್ನ ಮಟ್ಟಿಗೆ ಆರೋಗ್ಯದ ಕೆಲಸಗಳೇ. ವರ್ಷಕ್ಕೊಮ್ಮೆ ನಡೆಯಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರು ಇದನ್ನೇ ಕೇಳಲಿ.

ಕಬ್ಬು ಕಡಿಯಲು ಹೋಗುವ ಮನೆಗಳ ಸಂಕಟ ಬೇರೆ. ತಾಂಡಾಗಳಿಂದಲೂ ಹಳ್ಳಿಗಳಿಂದಲೂ ದಸರೆ, ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಕಡೆ ಹೋದ ಗ್ಯಾಂಗುಗಳು ತಿರುಗಿ ಬರುವುದು ಯುಗಾದಿಯ ಸುಮಾರಿಗೆ. ವಯಸ್ಸಿಗೆ ಬಂದ ಮಗಳನ್ನು ಒಬ್ಬಳನ್ನೇ ಬಿಡುವುದು ಹೇಗೆ? ಗದ್ದೆಯ ಗುಡಿಸಲಿಗೆ ಕರೆದೊಯ್ಯುವುದು ಹೇಗೆ? ಎರಡೂ ಬೇಡವೆಂದು ಮದುವೆ ಮಾಡಿಬಿಡುತ್ತಾರೆ. ಗಂಡಹೆಂಡಿರ ಜೋಡಿಗೆ ಒಂದು ‘ಕೋಯ್ತಾ’ ಎಂದು ಮುಂಗಡ ಕೊಡುವ ಪದ್ಧತಿ ಇದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಇದು ಚೆನ್ನಾಗಿ ದಾಖಲಾದ ಸಂಗತಿ. ಇಂಥ ಮನೆಗಳಿಗೆ ಉಪದೇಶ ಬೇಡ, ಹಾಸ್ಟೆಲ್ ಬೇಕು. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಇರುವುದೇ ಇದಕ್ಕೆ. ಮುಖ್ಯೋಪಾಧ್ಯಾಯರು ಗ್ಯಾಂಗು ಹೊರಡುವ ತಿಂಗಳಲ್ಲಿ ಅಲ್ಲ, ಜೂನ್‌ಗೂ ಮೊದಲೇ ಅರ್ಜಿ ತುಂಬಿಸಬೇಕು.

ಸತತ ಒಂದು ವಾರ ಹುಡುಗಿ ಶಾಲೆಗೆ ಬಾರದಿದ್ದರೆ ಶಿಕ್ಷಕರು ಮನೆಗೆ ಹೋಗಿ ಬರಲಿ. ಹಾಜರಿ ಪುಸ್ತಕ ಲಗ್ನಪತ್ರಿಕೆಗಿಂತ ಮೊದಲೇ ಸುದ್ದಿ ಕೊಡುತ್ತದೆ. ಮದುವೆ ಗೊತ್ತಾಗಿದ್ದರೆ 1098ಕ್ಕೆ ಫೋನ್ ಮಾಡಬಹುದು, ಮಾಡಿದವರು ಹೆಸರು ಹೇಳಬೇಕಾಗಿಲ್ಲ. ತಹಶೀಲ್ದಾರರು, ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಇವರಿಗೆಲ್ಲ ತಡೆಯುವ ಅಧಿಕಾರವಿದೆ. 2006ರ ಕಾಯ್ದೆಯಂತೆ ಇಂಥ ಮದುವೆ ಮಾಡಿಸಿದವರಿಗೆ, ನಡೆಸಿಕೊಟ್ಟವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಕರ್ನಾಟಕದಲ್ಲಿ 2017ರಿಂದ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಜಾತ್ರೆಗಳಲ್ಲಿ ಸಾಮೂಹಿಕ ವಿವಾಹ ಏರ್ಪಡಿಸುವ ಹಿರಿಯರು ಶಾಲೆಯ ದಾಖಲೆಯನ್ನೇ ಕೇಳಲಿ. ನಮ್ಮಂಥ ವೈದ್ಯರ ಚೀಟಿಯನ್ನು ನಂಬಬೇಡಿ. ಕೊಡುವವರೂ ಇದ್ದಾರೆ ಎಂದು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಆಗಿಹೋದ ಮೇಲೆ

ಮದುವೆಯಾಗದ ಹುಡುಗಿಯ ಮುಟ್ಟು ನಿಂತಿದ್ದರೆ ತಾಯಂದಿರು ಮೊದಲು ಮಾಡಬೇಕಾದ್ದು ಬಾಗಿಲು ಹಾಕಿ ಹೊಡೆಯುವುದಲ್ಲ, ಮೂತ್ರಪರೀಕ್ಷೆ. ಇಂಥ ಹುಡುಗಿಯರಲ್ಲಿ ಕೆಲವರು ಮನೆಯವರ ಅಥವಾ ಪರಿಚಿತರ ದೌರ್ಜನ್ಯಕ್ಕೆ ಒಳಗಾದವರು, ಬಾಯಿ ಬಿಡಲು ಅವರಿಗೆ ಸಮಯ ಬೇಕು. ಔಷಧಿ ಅಂಗಡಿಯಿಂದ ಗುಟ್ಟಾಗಿ ಗುಳಿಗೆ ತಂದು ನುಂಗಿಸಬೇಡಿ. ಹಾಗೆ ನುಂಗಿ ರಕ್ತ ಹರಿದು ಬಿಳಿಚಿಕೊಂಡು ಬಂದವರನ್ನು ನೋಡಿದ್ದೇನೆ. ಪಾಲಕರ ಲಿಖಿತ ಒಪ್ಪಿಗೆಯಿದ್ದರೆ 18ರೊಳಗಿನ ಹುಡುಗಿಗೆ ಕಾನೂನುಬದ್ಧ ಗರ್ಭಪಾತ ಸಿಗುತ್ತದೆ. 20 ವಾರದವರೆಗೆ ಒಬ್ಬ ವೈದ್ಯರು, 24 ವಾರದವರೆಗೆ ಇಬ್ಬರು ವೈದ್ಯರು ತೀರ್ಮಾನಿಸುತ್ತಾರೆ. ತಡಮಾಡಿದಷ್ಟೂ ಅಪಾಯ ಹೆಚ್ಚು. ವೈದ್ಯರು ಪೊಲೀಸರಿಗೆ ತಿಳಿಸಲೇಬೇಕೆಂಬ ನಿಯಮವಿರುವುದು ನಿಜ. ಆದರೆ ಗರ್ಭಪಾತಕ್ಕೆ ಬಂದ ಹುಡುಗಿಯೂ ಪಾಲಕರೂ ಕೋರಿದರೆ ಆ ವರದಿಯಲ್ಲಿ ಆಕೆಯ ಹೆಸರು, ಗುರುತು ಹೇಳಬೇಕಾಗಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಇನ್ನು 18 ತುಂಬಿ ಈಗಷ್ಟೇ ಮದುವೆಯಾದವರು. ಮೊದಲ ಬಸಿರನ್ನು 20 ದಾಟುವವರೆಗೆ ಮುಂದೂಡಿ. ನಿರೋಧ್ ಇದೆ. ಛಾಯಾ ಗುಳಿಗೆ ಇದೆ, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಎರಡೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಗುಳಿಗೆ ನುಂಗಿದರೆ ಮುಂದೆ ಮಕ್ಕಳೇ ಆಗುವುದಿಲ್ಲ ಎಂದು ಅತ್ತೆಯರು ಹೆದರಿಸುತ್ತಾರೆ. ಅದು ಸುಳ್ಳು, ಬಿಟ್ಟ ಮೇಲೆ ಬಸಿರು ನಿಲ್ಲುತ್ತದೆ.

ಎಳೆಯ ಹುಡುಗಿ ಈಗಾಗಲೇ ಬಸುರಿಯಾಗಿದ್ದರೆ ನಿಜವಾದ ವಯಸ್ಸು ಹೇಳಿ ಹೆಸರು ಬರೆಸಿ. ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಗೆಯ ಕೆಳಗೆ ನೋವು, ಮುಖ ಕೈ ಬಾವು, ರಕ್ತಸ್ರಾವ, ಕೂಸಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ. ಹೆರಿಗೆಯನ್ನು ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಿ.

ಕಾರ್ಡಿನಲ್ಲಿ 19 ಎಂದಿದ್ದ ಆ ಹುಡುಗಿ ಕೂಸಿಗೆ ಒಂಬತ್ತು ತಿಂಗಳ ದಡಾರದ ಸೂಜಿ ಹಾಕಿಸಿಕೊಂಡು ಹೋಗುವಾಗ ನನ್ನಲ್ಲಿ ಬಂದಿದ್ದಳು. ಈಗ ತವರಿನಲ್ಲಿದ್ದಾಳೆ. ಕೂಸನ್ನು ತನ್ನ ತಾಯಿಯ ಕೈಗೆ ಕೊಟ್ಟು, ಎಸ್ಸೆಸ್ಸೆಲ್ಸಿಯನ್ನು ಹೊರಗಿನಿಂದ ಕಟ್ಟಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ, ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ನೀನು ಓದಿದ ಹೈಸ್ಕೂಲಿನ ಹೆಡ್‌ಮಾಸ್ತರರನ್ನು ಕಾಣು ಎಂದೆ. “ಅವರು ಬೈತಾರೇನ್ರಿ?” ಎಂದಳು. ಒಂದು ಚೀಟಿ ಬರೆದುಕೊಟ್ಟೆ.